ಬಾಕಿ ಇಟ್ಟ ತೋಳು

ಬಸ್ಸು ಉಪ್ಪಿನಂಗಡಿ ದಾಟಿದ ಮೇಲೆ ದಿಶಾಂತ್ ಮಡಿಲಲ್ಲಿದ್ದ ಚೀಲದೊಳಗೆ ಕೈ ಹಾಕಿ, ಮೂಸಂಬಿ ಹಣ್ಣುಗಳ ಅಡಿಯಲ್ಲಿ ಅದು ಇದೆಯೇ ಎಂದು ಮುಟ್ಟಿ ನೋಡಿದ. ಇತ್ತು. ಮೆತ್ತಗೆ, ಬೆಚ್ಚಗೆ, ನಿದ್ದೆಹೋದ ಯಾವುದೋ ಸಣ್ಣ ಪ್ರಾಣಿಯ ಹಾಗೆ. ಪುತ್ತೂರಿನ ಬಾಡಿಗೆ ಮನೆಯಲ್ಲೇ ಬಿಟ್ಟು ಬರಬಹುದಿತ್ತು, ಬಿಟ್ಟು ಬರಬೇಕಿತ್ತು. ಹೊರಡುವಾಗ ಎರಡು ಸಲ ಕಪಾಟಿನಲ್ಲಿಟ್ಟು ಬಾಗಿಲು ಹಾಕಿ ಎರಡು ಸಲವೂ ಮತ್ತೆ ತೆಗೆದಿದ್ದ. ಹೆಂಡತಿಯನ್ನು ನೋಡಲು ಅವಳ ತವರಿಗೆ ಹೊರಟ ಗಂಡಸು ಉಲ್ಲನ್ನಿನ ಉಂಡೆಯನ್ನು ಕಳ್ಳಮಾಲಿನಂತೆ ಹಣ್ಣಿನ ಕೆಳಗೆ ಮುಚ್ಚಿಕೊಂಡು ಕೂತಿರುವುದು ನಗುವ ಸಂಗತಿಯೆಂದು ಅವನಿಗೂ ಗೊತ್ತಿತ್ತು. ಆದರೆ ಈ ವಿಷಯದಲ್ಲಿ ನಗು ಬರುವ ಮೊದಲೇ ಹೆದರಿಕೆ ಬಂದು ಜಾಗ ಹಿಡಿಯುತ್ತಿತ್ತು. ಗಿಳಿಹಸಿರು ಬಣ್ಣದ ಆ ಪುಟ್ಟ ಸ್ವೆಟರಿಗೆ ಇನ್ನು ಒಂದು ತೋಳು ಮಾತ್ರ ಬಾಕಿ. ಅದನ್ನು ತೊಡಬೇಕಾದ ಜೀವ ಪ್ರೀತಿಕಾಳ ಹೊಟ್ಟೆಯಲ್ಲಿತ್ತು. ಅದರ ಬಗ್ಗೆ ರಾಮಕುಂಜದ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಮಾತಾಡುತ್ತಿರಲಿಲ್ಲ ಎಂದರೆ ಬೇರೆಲ್ಲ ಮಾಡುತ್ತಿದ್ದರು. ಅತ್ತೆ ಮನೋರಮಾ ಮಗಳ ಬಾಯಿ ಬಯಸಿದ್ದನ್ನೆಲ್ಲ ಬೇಯಿಸಿ ಹಾಕುತ್ತಿದ್ದರು. ಮಾವ ತ್ಯಾಂಪಣ್ಣ ಅವಳು ಸಂಜೆ ನಡೆಯುವ ದಾರಿಯ ಕಲ್ಲುಗಳನ್ನು ಹೆಕ್ಕಿ ಬದಿಗೆ ಎಸೆಯುತ್ತಿದ್ದರು. ಆಸ್ಪತ್ರೆಗೆ ಹೋಗುವ ದಿನ ಯಾವುದು, ಕಾಲು ಬಾತಿದೆಯೋ ಇಲ್ಲವೋ, ರಾತ್ರಿ ನಿದ್ದೆ ಬಂತೋ ಇಲ್ಲವೋ, ಇಷ್ಟರವರೆಗೆ ಮಾತು ಬರುತ್ತಿತ್ತು. ‘ಮಗು’ ಎಂಬ ಒಂದು ಶಬ್ದ ಮಾತ್ರ ಆ ಮನೆಯ ಹೊಸಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಕಳೆದ ವರ್ಷ ಅದು ಬಂದಿತ್ತು, ಧಾರಾಳವಾಗಿ. ಐದನೆಯ ತಿಂಗಳಲ್ಲಿ ದಿಶಾಂತ್ ಪುತ್ತೂರಿನ ಅಂಗಡಿಯಿಂದ ಬಾತುಕೋಳಿಗಳ ಚಿತ್ರವಿದ್ದ ಹಳದಿ ಅಂಗಿಯೊಂದನ್ನು ತಂದು, ಎಲ್ಲರೂ ನೋಡಲೆಂದು ಕಿಟಕಿಯ ಸರಳಿಗೆ ತೂಗುಹಾಕಿದ್ದ. ಈ ಕಡೆಯ ಮನೆಗಳಲ್ಲಿ ಹುಟ್ಟುವ ಮೊದಲು ಹೊಸ ಬಟ್ಟೆ ತರುವುದಿಲ್ಲ; ಹುಟ್ಟಿದ ಮೇಲೂ ಮೊದಲು ಸುತ್ತುವುದು ಒಗೆದು ಒಗೆದು ಮೆತ್ತಗಾದ ಹಳೆಯ ಮುಂಡಿನ ತುಂಡನ್ನೇ. ಅದು ಗೊತ್ತಿದ್ದೂ ತಂದಿದ್ದ, ಅಂಥದ್ದನ್ನೆಲ್ಲ ನಂಬದವನ ಸಂತೋಷದಲ್ಲಿ. ಆಮೇಲೆ, ಹೊಟ್ಟೆಯಲ್ಲಿದ್ದದ್ದು ಉಳಿಯದೆ ಹೋದ ದಿನ, ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಳಿ ಗೋಡೆಯನ್ನು ನೋಡುತ್ತ ನಿಂತಿದ್ದಾಗ, ಬೆನ್ನ ಹಿಂದಿನ ಬೆಂಚಿನಿಂದ ಒಂದು ಹೆಂಗಸಿನ ದನಿ ಕೇಳಿತ್ತು: “ಮೊದಲೇ ಅಂಗಿ ತಂದು ತೂಗು ಹಾಕಿದ್ರೆ ಇನ್ನೆಂತ ಆಗುದು?” ಅವನು ತಿರುಗಿ ನೋಡಲಿಲ್ಲ. ತಿರುಗದೆ ಇದ್ದುದರಿಂದ ಆ ದನಿಗೆ ಮುಖವಿರಲಿಲ್ಲ. ಮುಖವಿಲ್ಲದ ದನಿ ಕ್ರಮೇಣ ಅತ್ತೆಯ ಮುಖವನ್ನು ಹಾಕಿಕೊಂಡಿತು. ಒಂದು ವರ್ಷದಿಂದ ಅವನು ಅವರ ಕಣ್ಣು ನೋಡಿ ಮಾತಾಡಿದ್ದಿಲ್ಲ. ಅವರ ಬಳೆಯನ್ನೋ ಕೈಯಲ್ಲಿದ್ದ ಚೆಂಬನ್ನೋ ನೋಡಿ ಮಾತಾಡುತ್ತಿದ್ದ.

ಪ್ರೀತಿಕಾಳೂ ಸುಮ್ಮನಾಗಿದ್ದಳು. ಮೊದಲು ಬಸ್ಸಿನಲ್ಲಿ ಕೂತರೆ ಅಂಗಡಿಗಳ ಬೋರ್ಡುಗಳನ್ನೆಲ್ಲ ಓದಿ ಹೇಳುತ್ತ ಬರುವವಳು. ಈಗ ಫೋನಿನಲ್ಲಿ “ಊಟ ಆಯ್ತಾ?” ಎಂದರೆ “ಆಯ್ತು” ಎನ್ನುವಳು, “ನಿಮ್ಮದು?” ಎನ್ನುವಳು, ಆಮೇಲೆ ಇಬ್ಬರ ಕಡೆಯಿಂದಲೂ ಉಸಿರು ಮಾತ್ರ. ಅವಳು ತನಗಾಗಿ ಸುಮ್ಮನಿದ್ದಾಳೆ, ತಾನು ಅವಳಿಗಾಗಿ ಸುಮ್ಮನಿದ್ದೇನೆ ಎಂದು ಅವನಿಗೆ ತಿಳಿಯುತ್ತಿತ್ತು. ಆದರೆ ಹೀಗೆ ಇಬ್ಬರೂ ಸೇರಿ ಬಾಯಿ ಮುಚ್ಚಿ ಹಿಡಿದರೆ ಬರುವ ಜೀವಕ್ಕೆ ತನ್ನನ್ನು ಯಾರೂ ಕರೆಯಲಿಲ್ಲ ಎಂದು ಅನ್ನಿಸುವುದಿಲ್ಲವೇ? ಈ ಪ್ರಶ್ನೆ ಅವನು ಕೆಲಸ ಮಾಡುವ ನೆಟ್ಟಣದ ರೈಲು ಸ್ಟೇಷನ್ನಿನಲ್ಲಿ, ಟಿಕೆಟ್ ಕಿಟಕಿಯ ಹಿಂದೆ ಕೂತಿರುವಾಗ ಅವನಿಗೆ ಬಂದದ್ದು. ಒಂದು ರೈಲು ಹೋಗಿ ಇನ್ನೊಂದು ಬರುವ ನಡುವೆ ಅಲ್ಲಿ ಸಿಗುವ ಮೌನ ಬಹಳ ದೊಡ್ಡದು. ಎಂ.ಎ. ಓದುವಾಗ ಅಂಥ ಮೌನಕ್ಕೆ ಹಾತೊರೆದಿದ್ದ. ಸಿಕ್ಕಿದ ಮೇಲೆ ಅದರೊಳಗೆ ಏನನ್ನು ಇಡುವುದೆಂದು ತಿಳಿಯಲಿಲ್ಲ. ಗಾಡಿ ತಡವಾಗಿದ್ದ ಒಂದು ಮಧ್ಯಾಹ್ನ, ಸುಬ್ರಹ್ಮಣ್ಯದಿಂದ ತಿರುಗಿ ಹೊರಟ ಉತ್ತರದ ಕಡೆಯ ಯಾತ್ರಿಕರಲ್ಲಿ ಒಬ್ಬಾಕೆ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕಾಲು ಮಡಚಿ ಕೂತು ಹೆಣೆಯುತ್ತಿದ್ದಳು. ಕೈಯನ್ನು ನೋಡುತ್ತಿರಲಿಲ್ಲ, ಹಳಿಯನ್ನು ನೋಡುತ್ತಿದ್ದಳು. ಗಾಡಿ ಬರುವಷ್ಟರಲ್ಲಿ ಅವಳ ಕಡ್ಡಿಗಳಿಂದ ಒಂದು ಗೇಣು ಬಟ್ಟೆ ಇಳಿದಿತ್ತು. ಬೇರೆಯವರೆಲ್ಲ ಕಾದದ್ದು ಎಲ್ಲಿಗೋ ಹೋಯಿತು, ಇವಳು ಕಾದದ್ದು ಮಾತ್ರ ಕೈಯಲ್ಲಿ ಉಳಿಯಿತಲ್ಲ ಎಂದುಕೊಂಡು ದಿಶಾಂತ್ ಬಹಳ ಹೊತ್ತು ಖಾಲಿ ಬೆಂಚನ್ನೇ ನೋಡಿದ್ದ.

ಮೊಯ್ದಿನಬ್ಬರ ಫ್ಯಾನ್ಸಿ ಅಂಗಡಿ ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ. ಬಾಗಿಲಿನ ತೋರಣಕ್ಕೂ ಶಾಲೆಯ ಮಕ್ಕಳ ಕರಕುಶಲಕ್ಕೂ ಅಲ್ಲಿ ಉಲ್ಲನ್ ಸಿಗುತ್ತಿತ್ತು.

“ಕಡ್ಡಿ ಉಂಟು. ಯಾರಿಗೆ, ಶಾಲೆಗಾ?”

“ನನಗೇ.”

“ನಿಮಗಾ? ಎಂತ ಮಾಡ್ಲಿಕ್ಕೆ?”

“ಸ್ವೆಟರ್.”

ಮೊಯ್ದಿನಬ್ಬ ತಲೆಯೆತ್ತಿ ತಿರುಗುತ್ತಿದ್ದ ಫ್ಯಾನನ್ನು ನೋಡಿದರು, ಅವನನ್ನು ನೋಡಿದರು. “ಪುತ್ತೂರಲ್ಲಿ? ಇಲ್ಲಿ ಈ ಫ್ಯಾನ್ ನಿಲ್ಲಿಸಿದ್ರೆ ಗಿರಾಕಿ ಎದ್ದು ಹೋಗ್ತಾರೆ ಮಾರಾಯ್ರೆ. ತಗೊಳ್ಳಿ, ತಗೊಳ್ಳಿ. ನನಗೆಂತ? ನೀವು ಬೇಕಾದ್ರೆ ಕೊಡೆಗೂ ಒಂದು ಸ್ವೆಟರ್ ಹಾಕಿ.” ಒಂದೇ ಬಣ್ಣದ್ದು ಸಾಕಷ್ಟು ಇದ್ದದ್ದು ಗಿಳಿಹಸಿರು ಮಾತ್ರ. ಅಷ್ಟು ಎದ್ದು ಕಾಣುವ ಬಣ್ಣದಲ್ಲಿ ಗುಟ್ಟಿನ ಕೆಲಸ ಮಾಡಬೇಕಾಗಿ ಬಂದದ್ದು ತನ್ನ ಹಣೆಬರಹಕ್ಕೆ ತಕ್ಕುದಾಗಿದೆ ಎಂದುಕೊಂಡು ಅವನು ಅದನ್ನೇ ಕಟ್ಟಿಸಿಕೊಂಡ.

ಕಲಿತದ್ದು ಮೊಬೈಲಿನ ವಿಡಿಯೊ ನೋಡಿ. ಒಬ್ಬ ಹೆಂಗಸು ಹಿಂದಿಯಲ್ಲಿ ಸೀಧಾ, ಉಲ್ಟಾ ಎಂದು ಹಾಡಿದ ಹಾಗೆ ಹೇಳುತ್ತ ದೊಡ್ಡ ಗಂಡಸಿನ ಸ್ವೆಟರ್ ಹೆಣೆಯುವಳು. ಮಗುವಿನ ಸ್ವೆಟರಿನ ವಿಡಿಯೊ ಹುಡುಕಲು ಅವನ ಬೆರಳು ಒಪ್ಪಲಿಲ್ಲ. ಆ ಶಬ್ದವನ್ನು ಬರೆಯುವುದೂ ಹೇಳಿದ ಹಾಗೆಯೇ ಅಲ್ಲವೇ? ದೊಡ್ಡವರದ್ದನ್ನೇ ನೋಡಿ ಎಲ್ಲವನ್ನೂ ಅರ್ಧ ಮಾಡುತ್ತ ಹೋದ. ಮೊದಲ ಅಂಚು ಕಟ್ಟುವಾಗ ಇದು ಮಫ್ಲರ್ ಎಂದು ತನಗೇ ಹೇಳಿಕೊಂಡ. ಕಡ್ಡಿಯಿಂದ ಕುಣಿಕೆಗಳು ಸಾಲು ಸಾಲಾಗಿ ಇಳಿದು ಅಗಲ ಬಂದಾಗ ದಿಂಬಿನ ಚೀಲ ಎಂದ. ಪ್ರೀತಿಕಾಳನ್ನು ತಪಾಸಣೆಗೆ ಕರೆದುಕೊಂಡು ಹೋದ ದಿನ ಡಾಕ್ಟರಮ್ಮ “ಲಾಯ್ಕ ಬೆಳೀತಾ ಉಂಟು” ಎಂದರು. ಆ ದಿನ ಮನೆಗೆ ಬಂದವನೇ ಹೆಣೆದದ್ದನ್ನೆಲ್ಲ ಬಿಚ್ಚಿ, ಎರಡೂ ಬದಿಗೆ ನಾಲ್ಕು ಕುಣಿಕೆ ಹೆಚ್ಚಿಸಿಕೊಂಡು ಮತ್ತೆ ಸುರು ಮಾಡಿದ. ಬಿಚ್ಚಿದ ಉಲ್ಲನ್ ಗುಂಗುರಾಗಿ ಮಡಿಲ ತುಂಬ ಬಿದ್ದಿದ್ದಾಗ ಅವನಿಗೆ ವಿಚಿತ್ರವಾದ ಖುಷಿಯಾಗಿತ್ತು, ಯಾರೋ ಜಾಗ ಸಾಲದೆಂದು ಒಳಗಿನಿಂದ ತಳ್ಳಿದ ಹಾಗೆ. ಆದರೆ ತೋಳಿಗೆ ಜಾಗ ಬಿಡಲು ಕುಣಿಕೆ ಕಡಿಮೆ ಮಾಡಬೇಕಾದ ದಿನ ಕಡ್ಡಿಯನ್ನು ಕೆಳಗಿಟ್ಟು ಎದ್ದುಹೋಗಿದ್ದ. ಮಫ್ಲರಿಗೆ ಕಂಕುಳಿಲ್ಲ, ದಿಂಬಿಗೂ ಇಲ್ಲ. ಅಲ್ಲಿಂದ ಮುಂದೆ ಸುಳ್ಳು ಹೇಳಿಕೊಂಡು ಹೆಣೆಯುವಂತಿರಲಿಲ್ಲ. ಮೂರು ಸಂಜೆ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ಸಂಜೆ ಕೈ ತಾನಾಗಿ ಎತ್ತಿಕೊಂಡಿತು.

“ಎಂತ ಅಣ್ಣ, ಬಲೆಯಾ?” ಕಂಡಕ್ಟರ್ ಟಿಕೆಟಿಗೆ ಕೈಚಾಚಿ ನಿಂತಿದ್ದ. ಚೀಲದ ಬಾಯಿಯಿಂದ ಹಸಿರು ಎಳೆಯೊಂದು ಹೊರಗೆ ಇಣುಕುತ್ತಿತ್ತು. “ಕುಮಾರಧಾರೆಯಲ್ಲಿ ಈ ಬಣ್ಣದ ಬಲೆಗೆ ಮೀನು ಬೀಳುದಿಲ್ಲ, ಓಡಿ ಹೋಗುದು.” ಹಿಂದಿನ ಸೀಟಿನವರು ನಕ್ಕರು. ದಿಶಾಂತ್ ಎಳೆಯನ್ನು ಒಳಗೆ ತುರುಕಿದ.

ಮನೆಯ ಅಂಗಳದಲ್ಲಿ ತ್ಯಾಂಪಣ್ಣ ರಬ್ಬರ್ ಶೀಟುಗಳನ್ನು ಹಗ್ಗದ ಮೇಲೆ ಮಗುಚಿ ಹಾಕುತ್ತಿದ್ದರು. ಆ ಹುಳಿವಾಸನೆಗೆ ಮೊದಮೊದಲು ಅವನ ತಲೆ ತಿರುಗುತ್ತಿತ್ತು. ಈಗ ಆ ವಾಸನೆ ಬಂದರೆ ಪ್ರೀತಿಕಾ ಹತ್ತಿರವಿದ್ದಾಳೆ ಎನ್ನಿಸುತ್ತಿತ್ತು. ಶೀಟಿನ ನೆರಳಿನಲ್ಲಿ ಮನೆಯ ನಾಯಿ ಟೈಗರ್ ಮಲಗಿತ್ತು. ಕಜ್ಜಿಯಾಗಿ ಬೆನ್ನಿನ ಕೂದಲೆಲ್ಲ ಉದುರಿ, ಹೆಸರಿಗೆ ಅವಮಾನವಾಗಿ ಬದುಕಿದ್ದ ನಾಯಿ. ಮನೋರಮಾ ಚೆಂಬಿನಲ್ಲಿ ನೀರು ಹಿಡಿದು ಹೊರಗೆ ಬಂದರು.

“ಬಂದ್ರಾ? ಚೀಲ ಕೊಡಿ.”

“ಇರಲಿ ಅತ್ತೆ, ನಾನೇ ಒಳಗೆ ಇಡ್ತೇನೆ.”

“ಅಳಿಯ ಚೀಲ ಹೊತ್ತುಕೊಂಡು ಒಳಗೆ ಬರುದಾ? ನೋಡಿದವರು ಎಂತ ಹೇಳಿಯಾರು? ಕೊಡಿ.”

ಅವನು ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡ. ಚೀಲ ಇಬ್ಬರ ನಡುವೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೋಯಿತು. ಬಾಗಿಲಲ್ಲಿ ಅಳಿಯನ ಚೀಲ ಇಳಿಸಿಕೊಂಡು ನೀರು ಕೊಡುವುದನ್ನು ಈ ಅತ್ತೆ ಮದುವೆಯಾದಂದಿನಿಂದ ಒಂದು ಸಲವೂ ತಪ್ಪಿಸಿರಲಿಲ್ಲ. ಆ ಮರ್ಯಾದೆಯ ಮುಂದೆ ಅವನಿಗೆ ಉಪಾಯವಿರಲಿಲ್ಲ. ಅವರು ಜಗಲಿಯಲ್ಲಿದ್ದ ಬುಟ್ಟಿಗೆ ಹಣ್ಣುಗಳನ್ನು ಸುರಿದರು. ಮೂಸಂಬಿಗಳು ಬಿದ್ದವು. ಕೊನೆಗೆ ಕಡ್ಡಿ ಸಮೇತ ಸ್ವೆಟರ್ ಬಿತ್ತು. ಉಂಡೆ ಮಾತ್ರ ಬುಟ್ಟಿಯಲ್ಲಿ ನಿಲ್ಲದೆ ಮೆಟ್ಟಿಲಿಳಿದು ಅಂಗಳಕ್ಕೆ ಉರುಳಿತು; ಟೈಗರ್ ಎದ್ದು ಅದರ ಹಿಂದೆ ಹೋಯಿತು.

ಮನೋರಮಾ ಸ್ವೆಟರನ್ನು ಎತ್ತಿ ಹಿಡಿದರು. ಗಿಳಿಹಸಿರು, ಒಂದು ತೋಳು, ಅಂಗೈಯಷ್ಟು ಎದೆ. ತ್ಯಾಂಪಣ್ಣನವರ ಕೈಯಲ್ಲಿದ್ದ ಶೀಟು ಅಲ್ಲೇ ನಿಂತಿತು. ಆ ಮೌನದಲ್ಲಿ ದಿಶಾಂತನಿಗೆ ಆಸ್ಪತ್ರೆಯ ಗೋಡೆಯ ಸುಣ್ಣ, ಅದರಲ್ಲಿದ್ದ ಕೂದಲೆಳೆಯಂಥ ಬಿರುಕು ಕಾಣಿಸಿತು. ಬೆನ್ನ ಹಿಂದೆ ಈಗ ಆ ದನಿ ಬರುತ್ತದೆ. ಬರುವ ಮೊದಲೇ ಮಾತಾಡಬೇಕು.

“ಅದು ಟೈಗರ್‌ಗೆ,” ಎಂದ.

“ಟೈಗರ್‌ಗಾ?”

“ಕೂದಲು ಹೋಗಿದೆಯಲ್ಲ. ಬೆಳಿಗ್ಗೆ ಚಳಿ ಉಂಟಲ್ಲ ಈಗ.”

ತಾನು ಹೇಳಿದ್ದು ತನಗೇ ಕೇಳಿಸಿ ಅವನಿಗೆ ಬೆವರು ಬಂತು. ಆದರೆ ತ್ಯಾಂಪಣ್ಣನವರ ಮುಖ ತಟ್ಟನೆ ಅರಳಿತು. ತನ್ನ ನಾಯಿಯ ಬಗ್ಗೆ ಇಷ್ಟು ಕಾಳಜಿ ಮಾಡಿದ ಮನುಷ್ಯ ಊರಲ್ಲಿ ಇನ್ನೊಬ್ಬನಿಲ್ಲ ಎಂಬ ಹಾಗೆ ಕೈ ಒರೆಸಿಕೊಂಡು ಬಂದರು. “ನೋಡು ಮನೋರಮಾ! ಎಣ್ಣೆ ಹಚ್ಚಿ ಹಚ್ಚಿ ನನಗೆ ಸಾಕಾಯ್ತು, ಈ ಉಪಾಯ ನಮಗೆ ಹೊಳೀಲಿಲ್ಲ. ಬಾ ಟೈಗರ್, ಬಾ, ನಿನ್ನ ಭಾವ ಸ್ವೆಟರ್ ತಂದಿದ್ದಾರೆ.”

“ಇನ್ನೂ ಮುಗಿಯಲಿಲ್ಲ ಮಾವ, ಬೇಡ…”

“ಅಳತೆ ನೋಡುವ ಮಾರಾಯ್ರೆ. ಅಳತೆ ನೋಡದೆ ಯಾರಾದ್ರೂ ಹೊಲೀತಾರಾ?” ಅವರು ಕಡ್ಡಿ ಎಳೆದು ಬದಿಗಿಟ್ಟು, ನಾಯಿಯನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು, ಒಂದು ಮುಂಗಾಲನ್ನು ತೋಳಿಗೆ ತೂರಿಸಿದರು. “ಒಂದು ಕೈ ಮಾತ್ರ ಉಂಟಲ್ಲ?”

“ಇನ್ನೊಂದು ಬಾಕಿ.”

“ಬಾಕಿ ಮೂರು ಅಂತ ಹೇಳಿ. ಇದಕ್ಕೆ ಕಾಲು ನಾಲ್ಕು.”

ಕಾಲು ಹೋಯಿತು, ತಲೆ ಹೋಗಲಿಲ್ಲ. ಕುತ್ತಿಗೆಯ ತೂತಿಗೆ ಮೂಗಿನ ತುದಿ ಮಾತ್ರ ಸಿಕ್ಕಿಕೊಂಡಿತು. ಕಣ್ಣು ಮುಚ್ಚಿಹೋದ ಟೈಗರ್ ಗಾಬರಿಯಾಗಿ ತ್ಯಾಂಪಣ್ಣನವರ ಹಿಡಿತ ಬಿಡಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿತು. ಹಿಂದಕ್ಕೆ ನಡೆದು ಶೀಟಿನ ಹಗ್ಗಕ್ಕೆ ಹೊಡೆಯಿತು, ಅಲ್ಲಿಂದ ಸುತ್ತು ತಿರುಗಿ ತುಳಸಿಕಟ್ಟೆಗೆ ಹಿಂಬದಿಯಿಂದಲೇ ಪ್ರದಕ್ಷಿಣೆ ಬಂತು. ಅದರ ಹಿಂದೆ “ನಿಲ್ಲು ಮಾರಾಯ, ನಿಲ್ಲು!” ಎನ್ನುತ್ತ ತ್ಯಾಂಪಣ್ಣ, ಅವರ ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಹಸಿರು ಎಳೆ. ಆಗ ಬಾಗಿಲಿನ ಕಡೆಯಿಂದ ಒಂದು ಸದ್ದು ಬಂತು. ಗಂಟಲಲ್ಲಿ ಏನೋ ಒಡೆದ ಹಾಗೆ. ದಿಶಾಂತ್ ತಿರುಗಿದ. ಪ್ರೀತಿಕಾ ದಾರಂದಕ್ಕೆ ಒರಗಿ ನಿಂತಿದ್ದಳು. ಎರಡೂ ಕೈಯಿಂದ ಹೊಟ್ಟೆಯನ್ನು ಕೆಳಗಿನಿಂದ ಹಿಡಿದುಕೊಂಡು ನಗುತ್ತಿದ್ದಳು. ನಗು ಅವಳ ಹೆಗಲಲ್ಲಿ, ಕುತ್ತಿಗೆಯಲ್ಲಿ, ಹೊಟ್ಟೆಯಲ್ಲಿ ಎಲ್ಲ ಕಡೆ ಕುಲುಕುತ್ತಿತ್ತು. ಈ ನಗುವನ್ನು ಅವನು ಒಂದು ವರ್ಷ ನೋಡಿರಲಿಲ್ಲ. ನೋಡಿದ್ದೇ ಅವನಿಗೆ ಮೊದಲು ಬಂದದ್ದು ಭಯ.

“ಮೆಲ್ಲ!” ಎಂದ. ಅದೇ ಕ್ಷಣ ಅತ್ತೆಯೂ “ಮೆಲ್ಲ!” ಎಂದರು.

ಎರಡು ದನಿಗಳು ಒಟ್ಟಿಗೆ ಬಿದ್ದವು. ಪ್ರೀತಿಕಾಳ ನಗು ನಿಂತಿತು. ಅವಳು ತಾಯಿಯನ್ನು ನೋಡಿದಳು, ಗಂಡನನ್ನು ನೋಡಿದಳು. “ನಗ್ಲಿಕ್ಕೂ ಇಲ್ವಾ?” ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಾದರೆ ಉತ್ತರ ಹೇಳಬಹುದಿತ್ತು. ನಿಜವಾಗಿಯೂ ತಿಳಿಯದೆ, ಹೊಸ ಶಾಲೆಗೆ ಸೇರಿದ ಹುಡುಗಿ ನಿಯಮ ಕೇಳುವ ಹಾಗೆ ಕೇಳಿದಳು.

ಮನೋರಮಾ ಅಂಗಳಕ್ಕಿಳಿದು ಟೈಗರನ್ನು ಹಿಡಿದು ಮೂಗಿನಿಂದ ಸ್ವೆಟರ್ ಬಿಡಿಸಿದರು. ಕೊಡವಿದರು. ಕುತ್ತಿಗೆಯ ತೂತಿಗೆ ತನ್ನ ಮುಷ್ಟಿಯನ್ನು ತೂರಿಸಿ ನೋಡಿದರು. ಮುಷ್ಟಿ ಕಷ್ಟಪಟ್ಟು ಹೊರಗೆ ಬಂತು.

“ಇದರಲ್ಲಿ ನಾಯಿಯ ತಲೆ ಹೋಗುದಿಲ್ಲ,” ಎಂದರು. ಇನ್ನೊಮ್ಮೆ ಮುಷ್ಟಿ ತಿರುಗಿಸಿದರು. “ಮಗುವಿನ ತಲೆಯೂ ಹೋಗುದಿಲ್ಲ.”

ಶಬ್ದ ಅಂಗಳದ ನಡುವೆ, ಬಿಸಿಲಿನಲ್ಲಿ ಬಿತ್ತು. ಯಾರೂ ಅದನ್ನು ಮುಚ್ಚಲು ಓಡಲಿಲ್ಲ. ಹಗ್ಗದ ಮೇಲೆ ಶೀಟುಗಳು ಅಲ್ಲಾಡುತ್ತಿದ್ದವು. ಟೈಗರ್ ಮೈ ಕೊಡವಿಕೊಂಡಿತು. ದಿಶಾಂತ್ ಅತ್ತೆಯ ಬಳೆಯನ್ನು ನೋಡಿದ. ಆಮೇಲೆ ಅಲ್ಲಿಂದ ಕಣ್ಣೆತ್ತಿ ಅವರ ಮುಖ ನೋಡಿದ. ಅವರು ನಗು ತಡೆದುಕೊಂಡು ನಿಂತಿದ್ದರು.

“ಎಂತ ಅಳತೆ ಹಿಡಿದದ್ದು ನೀವು?”

“ದೊಡ್ಡವರದ್ದು ನೋಡಿ ಎಲ್ಲ ಅರ್ಧ ಮಾಡಿದೆ.”

“ತಲೆಯನ್ನೂ?”

“ಹೌದು.”

“ಅಯ್ಯೋ ದೇವ್ರೆ! ಮಗು ಅಂದ್ರೆ ಮೊದಲು ತಲೆಯೇ ಅಲ್ವಾ ಮಾರಾಯ್ರೆ? ಮೈ ಎಲ್ಲ ಆಮೇಲೆ ಬರುದು.” ಅವರು ಈಗ ತಡೆಯಲಿಲ್ಲ. ತ್ಯಾಂಪಣ್ಣ ಕಾಲಿನ ಎಳೆ ಬಿಡಿಸಿಕೊಳ್ಳುತ್ತ, “ಹಾಗಾದ್ರೆ ಇದು ಟೈಗರ್‌ಗೆ ಅಲ್ವಾ?” ಎಂದು ಕೇಳಿದರು. ಅವರ ನಿರಾಸೆ ಎಷ್ಟು ನಿಜವಾಗಿತ್ತೆಂದರೆ ದಾರಂದದಲ್ಲಿ ಪ್ರೀತಿಕಾಳಿಗೆ ಮತ್ತೆ ನಗು ಬಂತು. ಈ ಸಲ ಯಾರೂ ಮೆಲ್ಲ ಎನ್ನಲಿಲ್ಲ.

“ಕಳೆದ ವರ್ಷ ಆ ಅಂಗಿ…” ಎಂದು ದಿಶಾಂತ್ ಸುರು ಮಾಡಿದ.

“ಬಾತುಕೋಳಿಯದ್ದಾ? ಅದನ್ನು ನಾನು ತಂಗಿಯ ಮೊಮ್ಮಗಳಿಗೆ ಕೊಟ್ಟೆ. ಹಾಕಿ, ಮಣ್ಣು ಮಾಡಿ, ಹರಿದೂ ಆಯ್ತು ಅವಳು. ಅಂಗಿಯಿಂದ ಎಂತ ಆಗ್ತದೆ?” ಮನೋರಮಾ ಸ್ವೆಟರಿಗೆ ಅಂಟಿದ ನಾಯಿಯ ಕೂದಲನ್ನು ಒಂದೊಂದಾಗಿ ಹೆಕ್ಕುತ್ತ, ಅವನನ್ನು ನೋಡದೆ ಹೇಳಿದರು: “ಆಸ್ಪತ್ರೆಯಲ್ಲಿ ಒಬ್ಬಳು ಬಾಯಿಗೆ ಬಂದದ್ದು ಹೇಳಿದ್ಳು, ಗೊತ್ತುಂಟು. ಅಲ್ಲಿಯೇ ಬಾಯಿ ಮುಚ್ಚಿಸಿದ್ದೇನೆ ನಾನು. ನೀವು ಆಗ ಹೊರಗೆ ಹೋಗಿಯಾಗಿತ್ತು.”

ಹೌದು, ಹೊರಗೆ ಹೋಗಿದ್ದ. ಆ ಮಾತು ಕೇಳಿದ್ದೇ ಮೆಟ್ಟಿಲಿಳಿದು ರಸ್ತೆಗೆ ಬಂದು, ಯಾವುದೋ ಮೆಡಿಕಲ್ ಅಂಗಡಿಯ ಮುಂದೆ ನಿಂತಿದ್ದ. ಅವನು ನಿಂತು ಕೇಳದೆ ಹೋದ ಇನ್ನೊಂದು ಮಾತು ಅಲ್ಲಿ ಒಂದು ವರ್ಷದಿಂದ ಹಾಗೆಯೇ ಇತ್ತು. ಒಂದು ವರ್ಷ ಈ ಹೆಂಗಸಿಗೆ ತಾನು ಬೇರೆಯವಳ ನಾಲಿಗೆಯನ್ನು ಕೊಟ್ಟು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಆದರೆ ಆ ನಾಚಿಕೆ ಕೂಡ ಹಗುರವಾಗಿತ್ತು. ಒದ್ದೆ ಬಟ್ಟೆ ಕಳಚಿದಾಗ ಮೈಗೆ ಗಾಳಿ ತಾಗಿದಂತಿತ್ತು.

“ಆದ್ರೆ ಒಂದು,” ಎಂದರು ಮನೋರಮಾ. “ಆ ಇನ್ನೊಂದು ಕೈ ಈಗ ಹಾಕ್ಬೇಡಿ. ಬಾಕಿ ಇಡಿ. ಒಂದು ಕೈಯ ಅಂಗಿ ಅಂಗಿ ಅಂತ ಲೆಕ್ಕ ಇಲ್ಲ. ಮಗು ಬಂದ ಮೇಲೆ ಅದರ ಕೈ ನೋಡಿಯೇ ಹಾಕುವ.”

“ಅಂಗಿಯಿಂದ ಎಂತದೂ ಆಗುದಿಲ್ಲ ಅಂತ ಈಗ ಹೇಳಿದ್ದು ಯಾರು?” ತ್ಯಾಂಪಣ್ಣ ಅಂಗಳದಿಂದ ಕೇಳಿದರು.

“ಆಗುದಿಲ್ಲ. ಆದ್ರೂ ಬಾಕಿ ಇರ್ಲಿ. ನನ್ನ ಸಮಾಧಾನಕ್ಕೆ. ನಿಮಗೆಂತ? ನೀವು ಆ ಶೀಟು ನೋಡಿ, ನಾಯಿ ಮೂತ್ರ ಮಾಡ್ತಾ ಉಂಟು ಅದಕ್ಕೆ.”

ದಿಶಾಂತ್ ತಲೆಯಾಡಿಸಿದ. ತನ್ನ ಸಮಾಧಾನಕ್ಕೂ ಅದು ಬೇಕಿತ್ತು ಎಂದು ಅವನಿಗೆ ಗೊತ್ತಾಯಿತು. ನಂಬದವನೂ ಒಂದು ತೋಳಿನಷ್ಟು ಜಾಗ ಬಿಟ್ಟು ಕಾಯಬಹುದು. ಕುತ್ತಿಗೆಯನ್ನು ಏನು ಮಾಡುವುದೆಂದು ಅತ್ತೆಯೇ ಹೇಳಿದರು: ಎಲ್ಲ ಬಿಚ್ಚುವುದು ಬೇಡ, ಒಂದು ಭುಜದ ಹೊಲಿಗೆಯನ್ನು ಮಾತ್ರ ಬಿಚ್ಚಿ ಅಲ್ಲಿ ಎರಡು ಬಟನ್ ಇಟ್ಟರೆ ಎಷ್ಟು ದೊಡ್ಡ ತಲೆಯೂ ಹೋಗುತ್ತದೆ. ಆ ಹಿಂದಿಯ ಹೆಂಗಸು ಇದನ್ನು ಹೇಳಿರಲಿಲ್ಲ. ಅವಳ ಗಂಡಸಿಗೆ ಅದು ಬೇಕಿರಲಿಲ್ಲ. ಮನೋರಮಾ ಬಟನ್ ಹುಡುಕಲು ಒಳಗೆ ಹೋದರು.

ಅವನು ಜಗಲಿಯ ಮೆಟ್ಟಿಲಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ, ಸ್ವೆಟರನ್ನು ಮೊಣಕಾಲ ಮೇಲೆ ಹರಡಿ ಕೂತ. ಪ್ರೀತಿಕಾ ಮೆಲ್ಲನೆ ಗೋಡೆ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಅವಳ ಉಸಿರಿನಲ್ಲಿ ನಗುವಿನ ಏದುಸಿರು ಇನ್ನೂ ಇತ್ತು. ಎಷ್ಟೋ ತಿಂಗಳಿಂದ ಇಬ್ಬರೂ ಹೀಗೆಯೇ ಸುಮ್ಮನೆ ಕೂತದ್ದುಂಟು. ಇವತ್ತು ಆ ಸುಮ್ಮನಿರುವುದರಲ್ಲಿ ಮುಚ್ಚಿಟ್ಟದ್ದೇನೂ ಇರಲಿಲ್ಲ. ಅವನು ಬಲ ಭುಜದ ಹೊಲಿಗೆಗೆ ಕಡ್ಡಿಯ ತುದಿ ಹಾಕಿದ.

“ಅಲ್ಲಿ ಬೇಡ,” ಎಂದಳು ಪ್ರೀತಿಕಾ.

ಅವಳು ಸ್ವೆಟರನ್ನು ಅವನ ಮಡಿಲಿನಿಂದ ತೆಗೆದುಕೊಂಡಳು. ಎಡಗೈಯನ್ನು ಮಡಚಿ, ಮೊಣಕೈಯ ಒಳಗೆ ಅದನ್ನು ಮಲಗಿಸಿದಳು. ಖಾಲಿ ಸ್ವೆಟರಿನ ಕುತ್ತಿಗೆಯ ಮೇಲೆ, ತಲೆ ಇರಬೇಕಾದ ಜಾಗವನ್ನು, ಬಾಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದೆಗೆ ಒತ್ತಿ ಹಿಡಿದಳು.

“ನಾನು ಎತ್ತಿಕೊಳ್ಳುದು ಎಡಗೈಯಲ್ಲಿ. ಬಲ ಭುಜಕ್ಕೆ ಬಟನ್ ಹಾಕಿದ್ರೆ ಹಾಲು ಕುಡಿಯುವಾಗ ಕೆನ್ನೆಗೆ ಒತ್ತುತ್ತದೆ.” ಅವಳು ಸ್ವೆಟರನ್ನು ಅವನ ಕೈಗೆ ಕೊಟ್ಟಳು. “ಎಡಕ್ಕೆ ಹಾಕಿ.”

ಅವನು ಅವಳನ್ನೇ ನೋಡುತ್ತ ಕೂತ.

“ಎಂತ ನೋಡುದು?” ಎಂದಳು. “ಬಿಚ್ಚಿ.”